ಒಂದೇ ಪದದ ಕಾರ್ಡುಗಳು

ಹಾಸ್ಟೆಲ್, ರೂಮು 17
ಫೆಬ್ರವರಿ 3

ಅಮ್ಮಾ,

ಮೊದಲು ಕ್ಷಮಿಸು. ಏಳು ತಿಂಗಳು ಒಂದಕ್ಷರ ಬರೆಯದೆ ಇದ್ದವಳು ಕೆಲಸ ಬಿದ್ದಾಗ ಬರೆಯುತ್ತಿದ್ದೇನೆ. ಬರೆಯಲು ನನಗೆ ಮುಖವಿಲ್ಲ, ಆದರೂ ಬರೆಯುತ್ತಿದ್ದೇನೆ. ಫೋನ್ ಮಾಡೋಣವೆಂದರೆ, ನಾನು ಕೂಗಿದ್ದು ಇಡೀ ಕಾರಿಡಾರಿಗೆ ಕೇಳುತ್ತದೆ, ನಿನಗೊಬ್ಬಳಿಗೆ ಬಿಟ್ಟು. ಮೆಸೇಜ್ ಕಳಿಸಿದರೆ ನೀನು ಅದನ್ನು ನೋಡುವುದು ಯಾವ ಕಾಲಕ್ಕೋ.

ಕಾಲೇಜಿಗೆ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಆಡಿದ ಮಾತು ನಿನಗೆ ನೆನಪಿರುತ್ತದೆ. "ಹಡಗಿನವರ ಜೊತೆ ಆಡಿದ ಮಾತಲ್ಲಿ ಕಾಲು ಭಾಗ ನನ್ನ ಜೊತೆ ಆಡಿದ್ರೂ ಸಾಕಿತ್ತು" ಎಂದಿದ್ದೆ. ನನ್ನ ಬ್ಯಾಗಿನ ಜಿಪ್ಪು ಅರ್ಧ ಬಿಚ್ಚಿಕೊಂಡಿತ್ತು, ನೀನು ಬಗ್ಗಿ ಅದನ್ನು ಎಳೆದು ಹಾಕಿದೆ. ಬಸ್ಸು ಹೊರಟಿತು. ನಡುವಿನ ರಜಕ್ಕೂ ನಾನು ಬರಲಿಲ್ಲ. ಅದಕ್ಕೂ ಕ್ಷಮಿಸು.

ಈಗ ವಿಷಯ. ನಮ್ಮ ಲ್ಯಾಬಿನಲ್ಲಿ ಇಬ್ಬಿಬ್ಬರಿಗೆ ಒಂದು ಪ್ರಾಜೆಕ್ಟ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಎರಡು ಬೋರ್ಡು, ಒಂದೊಂದರಲ್ಲಿ ಒಂದು ಮೈಕ್ರೋಕಂಟ್ರೋಲರ್. ಒಂದೇ ಕೆಲಸ ಕಲಿತಿರುವ ಪುಟ್ಟ ಕಂಪ್ಯೂಟರ್ ಎಂದುಕೋ. ಪ್ರತಿ ಬೋರ್ಡಿಗೂ ಅಂಚೆಚೀಟಿಯಷ್ಟಗಲದ ಒಂದು ವೈರ್‌ಲೆಸ್ ತುಣುಕು ಸಿಕ್ಕಿಸಿದೆ. ಮೊದಲನೆಯದು ರೂಮಿನ ಶಾಖ ಅಳೆದು ಆ ಅಂಕಿಯನ್ನು ಕಳಿಸಬೇಕು, ಎರಡನೆಯದು ಹಿಡಿದು ತೋರಿಸಬೇಕು. ಇಷ್ಟೇ. ಮೊದಲನೆಯದು ಸೆಕೆಂಡಿಗೊಮ್ಮೆ "ಕಳಿಸಿದೆ, ಕಳಿಸಿದೆ" ಎನ್ನುತ್ತದೆ. ಎರಡನೆಯದು ಗುಮ್ಮನ ಹಾಗೆ ಕೂತಿದೆ. ಮೂರು ವಾರವಾಯಿತು.

ನನ್ನ ಜೊತೆಗಾರನನ್ನು ಎಲ್ಲರೂ ಟೇಪ್ ಎಂದು ಕರೆಯುತ್ತಾರೆ. ಏನು ಕೆಟ್ಟರೂ ಅದಕ್ಕೆ ಟೇಪು ಸುತ್ತುತ್ತಾನೆ. ನನಗಿಟ್ಟಿರುವ ಹೆಸರು ಗಾಬರಿ. ನೀನೇ ಊಹಿಸಿಕೋ.

ಮಾರ್ಚ್ 28ಕ್ಕೆ ಮೇಡಂ ಮುಂದೆ ಕೆಲಸ ಮಾಡಿ ತೋರಿಸಬೇಕು. ಆಗದಿದ್ದರೆ ಈ ವರ್ಷ ಪೂರ್ತಿ ಮತ್ತೊಮ್ಮೆ. ಆ ಧೈರ್ಯ ನನಗಿಲ್ಲ ಅಮ್ಮಾ. ಕೋರ್ಸ್ ಬಿಡುವವರು ತುಂಬುವ ಫಾರಂ ಒಂದನ್ನು ಆಫೀಸಿನಿಂದ ತಂದು ಡಿಕ್ಷನರಿಯೊಳಗೆ ಇಟ್ಟಿದ್ದೇನೆ. ಇನ್ನೂ ತುಂಬಿಲ್ಲ.

ಇಪ್ಪತ್ತೆಂಟು ವರ್ಷ ಬಂದರಿನ ವೈರ್‌ಲೆಸ್ ರೂಮಿನಲ್ಲಿ ಕೂತವಳು ನೀನು. ನಿನ್ನ ಸೆಟ್ಟು ಬೀರುವಿನಷ್ಟು, ನನ್ನದು ಉಗುರಿನಷ್ಟು. ಆದರೆ ದಾಟಬೇಕಾದ ಗಾಳಿ ಅದೇ ತಾನೇ? ಏನು ನೋಡಬೇಕು ಹೇಳು. ಮತ್ತೆ, ಪ್ಲೀಸ್, ಒಂದೇ ಪದದ ಕಾರ್ಡು ಬರೆಯಬೇಡ.

ಮರಿ

ಫೆಬ್ರವರಿ 10

ತಲುಪಿತು.
ಒಂದು ಸಲಕ್ಕೆ ಒಂದನ್ನೇ ನೋಡು. ಮೊದಲು ಕರೆಂಟು. ಆಮೇಲೆ ಚಾನಲ್ಲು. ಆಮೇಲೆ ಹೆಸರು. ಆಮೇಲೆ ದೂರ. ಕ್ರಮ ತಪ್ಪಬೇಡ.
ಫಾರಂ ಇದ್ದಲ್ಲೇ ಇರಲಿ.

ಅಮ್ಮ

ಹಾಸ್ಟೆಲ್
ಫೆಬ್ರವರಿ 19

ಅಮ್ಮಾ,

ಹದಿನೆಂಟು ಪದ. ಎಣಿಸಿದೆ. ಇದು ನಿನ್ನ ಜೀವಮಾನದ ದಾಖಲೆ ಇರಬೇಕು.

ನೀನು ಹೇಳಿದ ಹಾಗೆ ಮೊದಲು ಕರೆಂಟು ನೋಡಿದೆ. ಲ್ಯಾಬಿನಲ್ಲಿ ಸಾಮಾನು ಕೊಡುವ ಅಣ್ಣ ಒಬ್ಬರಿದ್ದಾರೆ, ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಯಲ್ಲಿ ಪೆನ್ಸಿಲ್. ಅವರೇ ಮೀಟರ್ ಹಿಡಿದರು. ಬೋರ್ಡು ಸುಮ್ಮನಿದ್ದಾಗ ಎಲ್ಲ ಸರಿ. ಅಂಕಿ ಕಳಿಸುವ ಕ್ಷಣಕ್ಕೆ ವೋಲ್ಟೇಜು ತೂಕಡಿಸಿದ ಹಾಗೆ ಕೆಳಗೆ ಬೀಳುತ್ತದೆ.

"ನೋಡಮ್ಮ, ಒಂದು ಗುಟುಕು ನೀರೂ ಇಟ್ಕೊಳ್ದೆ ಓಡು ಅಂದ್ರೆ ಪಾಪ ಅದು ಹೇಗೆ ಓಡುತ್ತೆ?" ಎಂದು ಅಣ್ಣ ಡ್ರಾಯರಿನಿಂದ ಬಟಾಣಿ ಗಾತ್ರದ ಒಂದು ಕೆಪ್ಯಾಸಿಟರ್ ಹುಡುಕಿ ಕೊಟ್ಟರು. ಅದು ಸ್ವಲ್ಪ ಕರೆಂಟನ್ನು ಬಾಯಲ್ಲಿ ಹಿಡಿದುಕೊಂಡಿದ್ದು ಬೇಕಾದಾಗ ಬಿಡುತ್ತದಂತೆ. ನಾನೇ ಬೆಸುಗೆ ಹಾಕಿದೆ. ಟೇಪ್ ಪಕ್ಕದಲ್ಲಿ ನಿಂತು "ಮೇಲೊಂದು ಸುತ್ತು ಟೇಪ್ ಹಾಕ್ಲಾ?" ಎಂದ. "ಹಾಕಿದ್ರೆ ನಿನ್ನ ಬೆರಳೂ ಸೇರಿಸಿ ಬೆಸೀತೀನಿ" ಎಂದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ನಾನು ಹೀಗೆಲ್ಲ ಮಾತಾಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಈಗ ವೋಲ್ಟೇಜು ಬೀಳುತ್ತಿಲ್ಲ. ಚಾನಲ್ಲನ್ನೂ ನೋಡಿದೆ, ಎರಡರಲ್ಲೂ ಒಂದೇ ಇದೆ. ಆದರೆ ಗುಮ್ಮ ಗುಮ್ಮನೇ.

ಬೆಸುಗೆಯ ಹೊಗೆಯ ವಾಸನೆಗೆ ನಿನ್ನ ವೈರ್‌ಲೆಸ್ ರೂಮು ನೆನಪಾಯಿತು. ಅಪ್ಪ ತೀರಿಕೊಂಡ ವರ್ಷ, ನನ್ನನ್ನು ಹಾಸ್ಟೆಲ್ ಶಾಲೆಗೆ ಸೇರಿಸುವ ಮುಂಚಿನ ಆ ಬೇಸಿಗೆ ಪೂರ್ತಿ ನಾನು ಅಲ್ಲೇ ಇದ್ದೆನಲ್ಲ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ. ತಿರುಗುವ ಕುರ್ಚಿ, ಒಂದು ಕೈ ಮುರಿದದ್ದು. ಗೋಡೆಯ ದೊಡ್ಡ ಗಡಿಯಾರ. ನಿನ್ನ ಹೆಡ್‌ಫೋನಿನ ಸ್ಪಂಜು ಹರಿದು ಕೂದಲಿಗೆಲ್ಲ ಕಪ್ಪು ಪುಡಿ ಅಂಟುತ್ತಿತ್ತು. ಸಂಜೆ ಐದಕ್ಕೆ ಮೀನು ಹಿಡಿಯಲು ಹೋದ ದೋಣಿಗಳ ಹಾಜರಿ. ನೀನು ಒಂದೊಂದೇ ಹೆಸರು ಕರೆಯುತ್ತಿದ್ದೆ, ಕರಕರ ಸದ್ದಿನೊಳಗಿಂದ "ಇದ್ದೀವಿ" ಎಂದು ಬರುತ್ತಿತ್ತು, ನೀನು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ. ನಾನು ಬಾಯಿ ತೆರೆದರೆ ನೀನು ಎಡಗೈ ಮೇಲೆತ್ತುತ್ತಿದ್ದೆ. ಸುಮ್ಮನಿರು ಎಂದು. ಒಂದು ದಿನ ಒಂದು ದೋಣಿ ಉತ್ತರಿಸಲಿಲ್ಲ. ನೀನು ಮತ್ತೆ ಮತ್ತೆ ಕರೆದೆ, ಪ್ರತಿಸಲವೂ ಕೊನೆಗೆ "ಕೇಳ್ತಾ ಇದ್ದೀನಿ" ಎಂದು ಹೇಳಿ ಬಟನ್ ಬಿಟ್ಟು ಕಾಯುತ್ತಿದ್ದೆ. ಆ ದೋಣಿ ಮಾರನೆಯ ದಿನ ಬಂತು, ಬ್ಯಾಟರಿ ಸತ್ತಿತ್ತಂತೆ. ಅಲ್ಲಿಯವರೆಗೂ ನೀನು ಊಟ ಮಾಡಲಿಲ್ಲ, ನನಗೆ ಮಾತ್ರ ಬಡಿಸಿದೆ.

ಆಮೇಲೆ ಹಾಸ್ಟೆಲ್ಲು. ಊಟದ ಹೊತ್ತಿಗೆ ವಾರ್ಡನ್ ಟಪಾಲು ತಂದು ಹೆಸರು ಕೂಗುತ್ತಿದ್ದರು. ಉಳಿದವರಿಗೆ ನಾಲ್ಕು ಪುಟ, ಐದು ಪುಟ, ಹಾಳೆಯ ಅಂಚಿನಲ್ಲಿ ತಮ್ಮ ತಂಗಿಯರು ಬರೆದ ಚಿತ್ರ. ನನಗೆ ಒಂದು ಕಾರ್ಡು. "ತಲುಪಿತು. ಅಮ್ಮ." ನನ್ನ ಪಕ್ಕ ಮಲಗುತ್ತಿದ್ದ ಜಡೆ ಎನ್ನುವವಳು "ನಿಮ್ಮಮ್ಮ ಏನು, ರಬ್ಬರ್ ಸ್ಟಾಂಪಾ?" ಎಂದು ಕೇಳಿದ್ದಳು. ಊಟದ ಹಾಲೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕಿದ್ದಕ್ಕೆ ಆಮೇಲೆ ಬಾತ್‌ರೂಮಿನಲ್ಲಿ ಅತ್ತೆ.

ಬೈಯಲು ಬರೆದದ್ದಲ್ಲ ಇದು. ಸುಮ್ಮನೆ ನೆನಪಾಯಿತು.

ಮರಿ

ಫೆಬ್ರವರಿ 25

ತಲುಪಿತು.
"ಕಳಿಸಿದೆ" ಎಂದು ಹೇಳುತ್ತಿರುವುದು ಕಳಿಸುವವನೇ. ತಲುಪಿತು ಎಂದು ಆ ಕಡೆಯವನು ಹೇಳಿದನಾ? ಅದನ್ನು ನೋಡು.

ಅಮ್ಮ

ಹಾಸ್ಟೆಲ್
ಮಾರ್ಚ್ 9

ಅಮ್ಮಾ,

ತಪ್ಪು ಸಿಕ್ಕಿತು. ತಪ್ಪು ನನ್ನದೇ.

ಈ ತುಣುಕುಗಳಿಗೆ ಹುಟ್ಟಿನಿಂದ ಒಂದು ಒಳ್ಳೆಯ ಅಭ್ಯಾಸವಿದೆ. ಒಂದು ಅಂಕಿ ಸಿಕ್ಕಿದ ಕೂಡಲೇ, ಪಡೆದುಕೊಂಡದ್ದು ತಾನಾಗಿ "ಸಿಕ್ಕಿತು" ಎಂಬ ಚಿಕ್ಕ ಉತ್ತರ ಕಳಿಸುತ್ತದೆ. ಅದು ಬಾರದಿದ್ದರೆ ಕಳಿಸಿದವನು "ತಲುಪಿಲ್ಲ" ಎಂದು ಒಪ್ಪಿಕೊಂಡು ಮತ್ತೆ ಕಳಿಸುತ್ತಾನೆ. ಮೊದಲ ವಾರ ನಮ್ಮ ಸ್ಕ್ರೀನ್ ತುಂಬ ಬರೀ ಅದೇ. ತಲುಪಿಲ್ಲ, ತಲುಪಿಲ್ಲ, ತಲುಪಿಲ್ಲ. ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ. ಟೇಪ್ ಟೀ ಕುಡಿಯಲು ಹೋದಾಗ ಆ ಉತ್ತರ ಕೇಳುವ ವ್ಯವಸ್ಥೆಯನ್ನೇ ಆಫ್ ಮಾಡಿ, ಕಳಿಸಿದ ಮೇಲೆ "ಕಳಿಸಿದೆ" ಎಂದಷ್ಟೇ ತೋರಿಸು ಎಂದು ಬರೆದುಬಿಟ್ಟೆ. ಸ್ಕ್ರೀನು ಶಾಂತವಾಯಿತು. ನಾನೂ ಶಾಂತವಾದೆ. ಆಮೇಲೆ ಅದನ್ನು ಮರೆತೂಬಿಟ್ಟೆ. ಇಷ್ಟು ದಿನ ನಾವು ಗೋಡೆಯ ಜೊತೆ ಮಾತಾಡುತ್ತಿದ್ದೆವು.

ಟೇಪ್‌ಗೆ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. "ಅಂದ್ರೆ ಒಂದೂವರೆ ತಿಂಗಳು ನೀನು ಬರೀ ಒಳ್ಳೇ ಸುದ್ದಿ ಓದ್ತಾ ಇದ್ದೆ, ಗಾಬರಿ?" ಎಂದ. "ಹೂಂ" ಎಂದೆ. "ನಂಗೂ ಹೇಳಿದ್ರೆ ನಾನೂ ಖುಷಿಯಾಗಿರ್ತಿದ್ನಲ್ಲ!"

ಮತ್ತೆ ಆನ್ ಮಾಡಿದೆವು. ಆಮೇಲೆ ನೀನು ಹೇಳಿದ ಮೂರನೆಯದು, ಹೆಸರು. ಪ್ರತಿ ತುಣುಕಿಗೂ ಒಂದು ವಿಳಾಸ ಕೊಡಬೇಕು. ನಮ್ಮ ಎರಡನೇ ಬೋರ್ಡಿನಲ್ಲಿ ಹೋದ ವರ್ಷದವರ ವಿಳಾಸವೇ ಕೂತಿತ್ತು. ಬೇರೆ ಯಾರೋ ಕರೆಯಲಿ ಎಂದು ಪಾಪ ಅದು ಕಾಯುತ್ತಿತ್ತು. ತಿದ್ದಿದೆವು. ಈಗ ನೂರಕ್ಕೆ ಎರಡೋ ಮೂರೋ ಬರುತ್ತವೆ. ಉಳಿದದ್ದೆಲ್ಲ "ತಲುಪಿಲ್ಲ". ಈ ಸಲ ಆಫ್ ಮಾಡಲಿಲ್ಲ, ನೋಡುತ್ತ ಕೂತೆ.

ಅಮ್ಮಾ, ಇನ್ನೊಂದು ವಿಷಯ ಬರೆಯಬೇಕು. ಬೆಳಗ್ಗೆಯಿಂದ ಮೂರು ಹಾಳೆ ಹರಿದಿದ್ದೇನೆ.

ಎಂಟನೇ ಕ್ಲಾಸಿನಲ್ಲಿ ನನಗೆ ಸೀತಾಳೆ ಸಿಡುಬು ಆಗಿ ಹಾಸ್ಟೆಲ್ಲಿನ ಹಿಂದಿನ ರೂಮಿನಲ್ಲಿ ಒಬ್ಬಳನ್ನೇ ಹನ್ನೊಂದು ದಿನ ಇಟ್ಟಿದ್ದರು. ಅಲ್ಲಿಂದ ನಿನಗೆ ಆರು ಪುಟ ಬರೆದೆ, ಆಯಮ್ಮನ ಕೈಲಿ ಹಾಕಿಸಿದೆ. ಉತ್ತರ ಬಂತು. "ತಲುಪಿತು. ಅಮ್ಮ." ಆವತ್ತೇ ಮನಸ್ಸಿನಲ್ಲಿ ಏನೋ ಮುಚ್ಚಿದ ಹಾಗಾಯಿತು. ಒಂಬತ್ತನೇ ಕ್ಲಾಸು ಪೂರ್ತಿ ನಿನಗೆ ಒಂದೂ ಕಾಗದ ಬರೆಯಲಿಲ್ಲ. ವಾರ್ಡನ್ ಹತ್ತಿರ ಹೋಗಿ, ನನ್ನ ಕಾರ್ಡು ಬಂದರೆ ಊಟದ ಹಾಲಿನಲ್ಲಿ ಕೂಗಬೇಡಿ, ಹಾಗೇ ಟ್ರಂಕಿನ ರೂಮಿನಲ್ಲಿ ಇಟ್ಟುಬಿಡಿ ಎಂದೆ. ಅವರು ಒಂದು ಕವರಿನಲ್ಲಿ ಹಾಕಿಡುತ್ತಿದ್ದರು. ವರ್ಷ ಮುಗಿದಾಗ ಕೊಟ್ಟ ಆ ಕವರನ್ನು ಟ್ರಂಕಿನ ತಳಕ್ಕೆ ಹಾಕಿದೆ, ತೆಗೆದು ನೋಡಲಿಲ್ಲ. ಏನು ನೋಡುವುದು, ಅದೇ ಪದ ತಾನೇ ಎಂದುಕೊಂಡೆ. ಹತ್ತಕ್ಕೆ ಬಂದ ಮೇಲೆ ಭಾನುವಾರದ ಫೋನು ಶುರುವಾಯಿತು, ಕಾರ್ಡು ನಿಂತವು.

ಮೊನ್ನೆ ಸಣ್ಣ ವೈರು ಬೇಕಿತ್ತು. ಹಳೆಯ ಟ್ರಂಕಿನ ತಳ ಕೆದಕುವಾಗ ಆ ಕವರು ಸಿಕ್ಕಿತು. ಬಿಚ್ಚಿದೆ.

ನಲವತ್ತೊಂದು ಕಾರ್ಡು. ವಾರಕ್ಕೊಂದು, ಎಲ್ಲವೂ ಸೋಮವಾರದ್ದು. ಒಂದರಲ್ಲೂ ಆ ಪದ ಇಲ್ಲ. ಎಲ್ಲದರಲ್ಲೂ ನಿನ್ನ ನೆಟ್ಟಗಿನ ಅಕ್ಷರದಲ್ಲಿ ಒಂದೇ ಸಾಲು: "ಈ ವಾರ ತಲುಪಿಲ್ಲ. ಕೇಳ್ತಾ ಇದ್ದೀನಿ. ಅಮ್ಮ."

ಆ ವರ್ಷ ಎರಡು ಸಲ ರಜಕ್ಕೆ ಮನೆಗೆ ಬಂದಿದ್ದೆ. ಒಂದು ಸಲವೂ ನೀನು "ಯಾಕೆ ಬರೀತಿಲ್ಲ?" ಎಂದು ಕೇಳಲಿಲ್ಲ. ನನ್ನ ಉಗುರು ಕತ್ತರಿಸಿದೆ, ಯೂನಿಫಾರಂ ಅಂಚು ಬಿಚ್ಚಿ ಉದ್ದ ಮಾಡಿದೆ, ಬಸ್ಸು ಹತ್ತಿಸಿದೆ. ಮನೆಯಲ್ಲಿ ಎದುರಿಗೇ ಇದ್ದೆನಲ್ಲ, ಯಾಕೆ ಕೇಳಲಿಲ್ಲ?

ಮೇಡಂ ಮುಂದೆ ನಿಲ್ಲಲು ಇನ್ನು ಹತ್ತೊಂಬತ್ತು ದಿನ ಇದೆ. ಫಾರಂ ಇದ್ದಲ್ಲೇ ಇದೆ.

ಮರಿ

ಮನೆ
ಮಾರ್ಚ್ 16

ಮರಿ,

ತಲುಪಿತು. ಮೂರು ಸಲ ಓದಿದೆ. ಇದು ಕಾರ್ಡಿನಲ್ಲಿ ಹಿಡಿಸುವುದಿಲ್ಲ ಎಂದು ಹಾಳೆ ತೆಗೆದುಕೊಂಡೆ. ಅಭ್ಯಾಸವಿಲ್ಲ, ತಪ್ಪಿದ್ದರೆ ಸರಿಮಾಡಿ ಓದಿಕೋ.

ನಾನು ಕೆಲಸ ಕಲಿತ ಕೋಣೆಯಲ್ಲಿ "ತಲುಪಿತು" ಎನ್ನುವುದು ಸುಮ್ಮನೆ ಆಡುವ ಮಾತಲ್ಲ. ಬಂದ ಸುದ್ದಿಯನ್ನು ಮೊದಲಿನಿಂದ ಕೊನೆಯವರೆಗೆ ತಿರುಗಿ ಓದಿ ಒಪ್ಪಿಸಬೇಕು, ಒಂದು ಅಂಕಿ ಬಿಟ್ಟರೂ ಆ ಪದ ಹೇಳುವಂತಿಲ್ಲ. ಹೇಳಿದ ಮೇಲೆ ಆ ಸುದ್ದಿಯ ಜವಾಬ್ದಾರಿ ನಮ್ಮದು. ನನಗೆ ಕೆಲಸ ಕಲಿಸಿದ ಹಿರಿಯರು ಒಂದು ಮಾತು ಹೆಚ್ಚು ಆಡಿದರೂ ಬೈಯುತ್ತಿದ್ದರು. "ನೀನು ಮಾತಾಡ್ತಾ ಇರೋವಾಗ ಯಾರೋ ಮುಳುಗ್ತಾ ಇರಬಹುದು, ಲೈನ್ ಬಿಡು" ಎನ್ನುತ್ತಿದ್ದರು. ಇಪ್ಪತ್ತೆಂಟು ವರ್ಷ ಲೈನ್ ಬಿಟ್ಟು ಬಿಟ್ಟು ಮನೆಯಲ್ಲೂ ಹಾಗೇ ಆಯಿತು. ನಿನ್ನ ಕಾಗದಗಳನ್ನು ಗಟ್ಟಿಯಾಗಿ ಓದಿ ಮುಗಿಸಿದ ಮೇಲೆಯೇ ಕಾರ್ಡು ಬರೆಯುತ್ತಿದ್ದೆ. ಅದಕ್ಕಿಂತ ದೊಡ್ಡ ಪದ ನನಗೆ ಗೊತ್ತಿರಲಿಲ್ಲ. ನಿನಗೆ ಅದು ಚಿಕ್ಕದಾಗಿ ಕಾಣಬಹುದು ಎಂದು ತೋಚಲಿಲ್ಲ.

ಆರು ಪುಟದ ಕಾಗದ ತಲುಪಿದ ದಿನ ಕಾರ್ಡು ಹಾಕಿ, ಡ್ಯೂಟಿ ಬದಲಿಸಿಕೊಂಡು ಬಸ್ಸು ಹತ್ತಿದೆ. ಸಿಡುಬು, ಒಳಗೆ ಬಿಡುವುದಿಲ್ಲ ಎಂದರು. ಕಿಟಕಿಯಿಂದ ನೋಡಿದೆ. ನೀನು ನಿದ್ದೆ ಮಾಡುತ್ತಿದ್ದೆ, ಕೈಗೆ ಕಾಲುಚೀಲ ಹಾಕಿದ್ದರು, ಕೆರೆದುಕೊಳ್ಳದಿರಲಿ ಎಂದು. ಒಂದೂವರೆ ಗಂಟೆ ನಿಂತಿದ್ದೆ. ಎಬ್ಬಿಸಬೇಡಿ, ನಾನು ಬಂದದ್ದು ಹೇಳಬೇಡಿ, ಗೊತ್ತಾದರೆ ಅಳುತ್ತಾಳೆ ಎಂದು ವಾರ್ಡನ್‌ಗೆ ಹೇಳಿದೆ. ಅದು ತಪ್ಪು. ಹೇಳಬೇಕಿತ್ತು.

ಮನೆಗೆ ಬಂದಾಗ ಯಾಕೆ ಕೇಳಲಿಲ್ಲ ಎಂದು ಬರೆದಿದ್ದೀಯ. ಎದುರಿಗೆ ಕೂತರೆ ನನಗೆ ಮಾತು ಬರುವುದಿಲ್ಲ. ದೂರದಲ್ಲಿರುವವರ ಜೊತೆ ಮಾತಾಡುವುದನ್ನೇ ಕಲಿತವಳು ನಾನು.

ಈಗ ನಾನೂ ಒಂದು ಒಪ್ಪಿಕೊಳ್ಳಬೇಕು. ಹೋದ ಆಗಸ್ಟಿನಿಂದ ನಾನು ವೈರ್‌ಲೆಸ್ ರೂಮಿನಲ್ಲಿ ಇಲ್ಲ. ಬಲಗಿವಿ ಪೂರ್ತಿ ಹೋಯಿತು. ಎಡಗಿವಿಯಲ್ಲಿ ಸ್ವಲ್ಪ ಇದೆ. ಹಾಜರಿಯಲ್ಲಿ ಒಂದು ದೋಣಿ ಎರಡು ಸಲ "ಇದ್ದೀವಿ" ಎಂದರೂ ನನಗೆ ಕೇಳಲಿಲ್ಲ, ಪಕ್ಕದವನು ಹೇಳಿದ. ಅದೇ ದಿನ ನಾನೇ ಹೆಡ್‌ಫೋನ್ ತೆಗೆದಿಟ್ಟೆ. ಈಗ ಹಳೆಯ ಪುಸ್ತಕಗಳನ್ನು ಜೋಡಿಸುವ ಕೋಣೆಯಲ್ಲಿದ್ದೇನೆ. ಧೂಳು ಬಹಳ, ಜನ ಒಳ್ಳೆಯವರು. ನಿನಗೆ ಹೇಗೆ ಹೇಳುವುದೆಂದು ತಿಳಿಯದೆ ಸುಮ್ಮನಿದ್ದೆ.

ನಾಲ್ಕನೆಯದನ್ನು ನೀನು ನೋಡಿಲ್ಲ. ದೂರ. ಎರಡು ಬೋರ್ಡನ್ನೂ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಿದ್ದೀಯಲ್ಲವೇ? ಹಡಗು ಎಳೆಯುವ ದೋಣಿ ನಮ್ಮ ಕಿಟಕಿಯ ಕೆಳಗೇ ನಿಂತು ಪೂರ್ತಿ ಶಕ್ತಿಯಲ್ಲಿ ಕರೆದರೆ ನಮಗೆ ಬರೀ ಗೊರಗೊರ ಕೇಳುತ್ತಿತ್ತು. "ಆಚೆ ಹೋಗಿ ಮಾತಾಡಪ್ಪ" ಎನ್ನುತ್ತಿದ್ದೆವು. ದೂರ ಹೋದ ಮೇಲೆ ಸ್ಪಷ್ಟ. ಒಂದನ್ನು ತೆಗೆದುಕೊಂಡು ಕಾರಿಡಾರಿನ ತುದಿಗೆ ನಡೆ.

ಅಮ್ಮ

ಹಾಸ್ಟೆಲ್
ಏಪ್ರಿಲ್ 2

ಅಮ್ಮಾ,

ಮೊದಲು ಈ ಹಾಳೆಯನ್ನು ತಿರುವಿ ನೋಡು. ಕೋರ್ಸ್ ಬಿಡುವ ಫಾರಂ. ಬಿಳಿ ಕಾಗದ ಮುಗಿದಿತ್ತು, ಇದರ ಬೆನ್ನು ಖಾಲಿ ಇತ್ತು.

ನಿನ್ನ ಕಾಗದ ಬಂದಾಗ ಲ್ಯಾಬಿನ ಮೆಟ್ಟಿಲ ಮೇಲೇ ಕೂತು ಓದಿದೆ. ಕಾಲುಚೀಲದ ಹತ್ತಿರ ಬಂದು ನಿಲ್ಲಿಸಬೇಕಾಯಿತು. ನನಗೆ ಆ ಕಾಲುಚೀಲ ನೆನಪಿದೆ ಅಮ್ಮಾ, ಒಂದು ನೀಲಿ, ಒಂದು ಬೂದು. ಕಿಟಕಿ ನೆನಪಿಲ್ಲ. ಹಾಸಿಗೆ ಕಿಟಕಿಗೆ ಬೆನ್ನು ಹಾಕಿತ್ತಾ? ಎಷ್ಟು ಯೋಚಿಸಿದರೂ ಗೊತ್ತಾಗುತ್ತಿಲ್ಲ.

ಆಮೇಲೆ ಎದ್ದು ಒಳಗೆ ಹೋದೆ. ನಿಜಕ್ಕೂ ಎರಡು ಬೋರ್ಡೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಟೇಪ್ ಅವನ್ನು ಒಂದೇ ಹಲಗೆಗೆ ಸೇರಿಸಿ ಟೇಪು ಸುತ್ತಿದ್ದ, ಕಳೆದುಹೋಗದಿರಲಿ ಎಂದು! ಬ್ಲೇಡಿನಿಂದ ಬಿಡಿಸಿದೆವು. ಎರಡನೆಯದನ್ನು ಅಂಗೈ ಮೇಲಿಟ್ಟುಕೊಂಡು ಅವನು ಕಾರಿಡಾರಿನಲ್ಲಿ ನಡೆದ. ನಾಲ್ಕು ಹೆಜ್ಜೆ, ಎಂಟು, ಹತ್ತು. ನೀರಿನ ಫಿಲ್ಟರ್ ದಾಟಿದ್ದೇ ತಡ ಕಿರುಚಿದ. "ಗಾಬರಿ! ಬಂತು! ಇಪ್ಪತ್ತೊಂಬತ್ತು! ಮತ್ತೆ ಇಪ್ಪತ್ತೊಂಬತ್ತು!" ಲ್ಯಾಬಿನ ಅಣ್ಣ ಕನ್ನಡಕ ಸರಿಮಾಡಿಕೊಂಡು ಹೊರಗೆ ಬಂದು "ಬೆಂಕಿ ಬಿತ್ತಾ?" ಎಂದು ಕೇಳಿದರು. ನನ್ನ ಸ್ಕ್ರೀನಿನಲ್ಲಿ ಒಂದರ ಕೆಳಗೊಂದು ತಲುಪಿತು, ತಲುಪಿತು, ತಲುಪಿತು. ಇಷ್ಟು ವರ್ಷ ಬೇಡವಾಗಿದ್ದ ಆ ಪದವನ್ನು ಕೂತು ಒಂದೊಂದಾಗಿ ಓದಿದೆ.

ಇಪ್ಪತ್ತೆಂಟರಂದು ಮೇಡಂ ಸುಮ್ಮನೆ ಬಿಡಲಿಲ್ಲ. ಎರಡನೆಯದನ್ನು ಮೆಟ್ಟಿಲಿಳಿದು ಗೇಟಿನವರೆಗೂ ಒಯ್ಯಿರಿ ಎಂದರು. ನೂರು ಕಳಿಸಿದೆವು, ತೊಂಬತ್ತೊಂದು ತಲುಪಿದವು. "ಉಳಿದ ಒಂಬತ್ತು?" ಎಂದರು. ಮೆಟ್ಟಿಲ ತಿರುವಿನಲ್ಲಿ ಹೋದವು, ನಲವತ್ತರಿಂದ ನಲವತ್ತೆಂಟು, ಇಲ್ಲಿ ಬರೆದಿದೆ ಎಂದು ತೋರಿಸಿದೆ. ಅವರು ಪಟ್ಟಿಯ ಮೇಲೆ ಬೆರಳಾಡಿಸಿ, "ಎಲ್ಲರೂ ಎಲ್ಲಾ ಬಂತು ಅಂತಾರಮ್ಮ. ಏನು ಬರಲಿಲ್ಲ ಅಂತ ಹೇಳಿದೋಳು ನೀನೊಬ್ಳೇ" ಎಂದರು. ಪಾಸು. ಟೇಪ್ ಖುಷಿಗೆ ನನ್ನ ಡಿಕ್ಷನರಿಗೆ ಒಂದು ಸುತ್ತು ಟೇಪು ಹಾಕಿದ್ದಾನೆ. ಅದನ್ನು ಬಿಡಿಸಿಯೇ ಈ ಫಾರಂ ತೆಗೆದದ್ದು.

ಈಗ ನನ್ನ ಪಾಳಿ. ನಲವತ್ತೊಂದು ಕಾರ್ಡುಗಳನ್ನೂ ತಾರೀಖಿನ ಪ್ರಕಾರ ಜೋಡಿಸಿಕೊಂಡು, ಒಂದೊಂದನ್ನೂ ಗಟ್ಟಿಯಾಗಿ ಓದಿ ಮುಗಿಸಿದ್ದೇನೆ. ಆಮೇಲೆಯೇ ಬರೆಯುತ್ತಿದ್ದೇನೆ. ಎಲ್ಲವೂ ತಲುಪಿದವು. ಬಹಳ ತಡವಾಗಿ, ಆದರೆ ಪೂರ್ತಿಯಾಗಿ.

ಏಪ್ರಿಲ್ 20ರಿಂದ ರಜ. ಮನೆಗೆ ಬರಲಾ? ಎದುರಿಗೆ ಕೂತರೆ ಮಾತು ಬರಲ್ಲ ಎಂದೆಯಲ್ಲ, ನಾನು ಎದುರಿಗೆ ಕೂರುವುದಿಲ್ಲ. ನಿನ್ನ ಎಡಗಡೆ ಕೂರುತ್ತೇನೆ. ಇಬ್ಬರೂ ಕಿಟಕಿಯಾಚೆ ನೋಡುತ್ತ ಕೂರೋಣ. ನೀನು ಕೈ ಮೇಲೆತ್ತಿದರೆ ಸುಮ್ಮನಾಗುತ್ತೇನೆ.

ಬಸ್ಸಿಗೆ ಸೀಟು ಹಿಡಿಯಬೇಕು. ಬೇಗ ಉತ್ತರ ಬರೆ.

ಮರಿ